ಕೆಲಸದ ಪ್ರವಾಸದಲ್ಲೇ ಊರು ನೋಡಿ ಬರುವುದು ಹೇಗೆ: ಟೋಕಿಯೊ, ಸಿಯೋಲ್, ತೈಪೆ, ಹಾಂಗ್‌ಕಾಂಗ್‌ಗೆ ಹೊರಟವರಿಗೆ ಸಮಗ್ರ ಮಾರ್ಗದರ್ಶಿ

ಕಂಪನಿಯ ಕೆಲಸಕ್ಕೆಂದು ಟೋಕಿಯೊಗೋ ಸಿಯೋಲ್‌ಗೋ ಹೋಗಿ ಬಂದ ಬೆಂಗಳೂರಿನ ಗೆಳೆಯರನ್ನು ಏನೇನು ನೋಡಿದಿರಿ ಎಂದು ಕೇಳಿದರೆ, ಹೆಚ್ಚಿನವರು ಕೊಡುವ ಉತ್ತರ ಒಂದೇ: ವಿಮಾನ ನಿಲ್ದಾಣ, ಹೋಟೆಲು, ಆಫೀಸು, ಮತ್ತೆ ವಿಮಾನ ನಿಲ್ದಾಣ. ಅವರಿಗೆ ಆಸಕ್ತಿ ಇರಲಿಲ್ಲವೆಂದಲ್ಲ. ನೋಡಬೇಕಾದ ಸ್ಥಳಗಳ ಉದ್ದನೆಯ ಪಟ್ಟಿ ಫೋನಿನಲ್ಲೇ ಇತ್ತು. ತಪ್ಪಿದ್ದು ಕೆಲಸಗಳ ಅನುಕ್ರಮ. ಟಿಕೆಟ್ ಮೊದಲು ಬಂತು, ವೀಸಾ ಆಮೇಲೆ ಬಂತು, ರಜೆ ಕೇಳಿದ್ದು ಕೊನೆಗೆ, ಗಡಿಯಾರದ ಲೆಕ್ಕವನ್ನಂತೂ ಯಾರೂ ಹಾಕಲಿಲ್ಲ. ಹಾಗಾಗಿ ಈ ಬರಹದಲ್ಲಿ ಸ್ಥಳಗಳ ವರ್ಣನೆಗಿಂತ ಯಾವುದಾದ ಮೇಲೆ ಯಾವುದು ಎಂಬುದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

## ಹಂತ 1: ಟಿಕೆಟ್‌ಗಿಂತ ಮೊದಲು ಕಚೇರಿಯ ಒಪ್ಪಿಗೆ

ಪ್ರವಾಸ ಖಚಿತವಾದ ದಿನವೇ ನಿಮ್ಮ ಮೇಲಧಿಕಾರಿಗೆ ಇಮೇಲ್ ಬರೆಯಿರಿ. ಕಾರಿಡಾರಿನಲ್ಲಿ ನಿಂತು ಪಡೆದ "ಆಯ್ತು ಬಿಡಿ" ಎಂಬ ಮಾತಿಗೆ ಆರು ವಾರಗಳ ನಂತರ ಲೆಕ್ಕಪತ್ರ ವಿಭಾಗದಲ್ಲಿ ಬೆಲೆ ಇರುವುದಿಲ್ಲ. ಇಮೇಲ್‌ನಲ್ಲಿ ನಾಲ್ಕು ವಿಷಯಗಳು ಸ್ಪಷ್ಟವಾಗಿರಬೇಕು: ಕಚೇರಿಯ ಕೆಲಸ ಯಾವ ದಿನ ಆರಂಭವಾಗಿ ಯಾವ ದಿನ ಮುಗಿಯುತ್ತದೆ, ನಿಮ್ಮ ಸ್ವಂತ ದಿನಗಳು ಯಾವುವು, ಆ ದಿನಗಳ ಹೋಟೆಲು ಮತ್ತು ಊಟದ ಖರ್ಚು ನಿಮ್ಮದೇ ಎಂಬುದು, ಮತ್ತು ಹಿಂದಿರುಗುವ ಟಿಕೆಟ್‌ನ ದಿನಾಂಕ ಬದಲಾದರೆ ಬೆಲೆಯ ವ್ಯತ್ಯಾಸವನ್ನು ಯಾರು ಭರಿಸುತ್ತಾರೆ ಎಂಬುದು.

ಟಿಕೆಟ್ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಕೆಲಸ ಮುಗಿದ ಶುಕ್ರವಾರವೇ ವಾಪಸಾಗುವ ಟಿಕೆಟ್‌ನ ಬೆಲೆಯನ್ನೂ, ಭಾನುವಾರ ಅಥವಾ ಸೋಮವಾರ ವಾಪಸಾಗುವ ಟಿಕೆಟ್‌ನ ಬೆಲೆಯನ್ನೂ ಒಂದೇ ದಿನ, ಒಂದೇ ಕಡೆ ನೋಡಿ, ಎರಡರ ಚಿತ್ರವನ್ನೂ ತೆಗೆದಿಟ್ಟುಕೊಳ್ಳಿ. ಎಷ್ಟೋ ಸಲ ತಡವಾಗಿ ಮರಳುವ ಟಿಕೆಟ್ಟೇ ಅಗ್ಗವಾಗಿರುತ್ತದೆ. ಆಗ ನಿಮ್ಮ ಮನವಿಗೆ ತಾನಾಗಿಯೇ ಬಲ ಬರುತ್ತದೆ. ದುಬಾರಿಯಾಗಿದ್ದರೆ ಎಷ್ಟು ಕೊಡಬೇಕೆಂಬ ಲೆಕ್ಕಕ್ಕೆ ಆಧಾರವಿರುತ್ತದೆ.

ಬಹಳ ಮಂದಿ ಮರೆಯುವುದು ವಿಮೆಯನ್ನು. ಕಂಪನಿಯ ಪ್ರವಾಸ ವಿಮೆ ಎಷ್ಟೋ ಕಡೆ ಕೆಲಸದ ದಿನಗಳಿಗೆ ಮಾತ್ರ ಅನ್ವಯಿಸುತ್ತದೆ, ಶನಿವಾರ ಬೆಟ್ಟ ಹತ್ತುವಾಗ ಕಾಲು ಉಳುಕಿದರೆ ಅದರ ಹೊಣೆ ನಿಮ್ಮದೇ. ಪಾಲಿಸಿಯಲ್ಲಿ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂಬುದನ್ನು ಬರಹದಲ್ಲೇ ಕೇಳಿ ತಿಳಿದು, ಉಳಿದ ದಿನಗಳಿಗೆ ಸ್ವಂತ ವಿಮೆ ಮಾಡಿಸಿ. ಕಚೇರಿಯ ಲ್ಯಾಪ್‌ಟಾಪನ್ನು ಸ್ವಂತ ದಿನಗಳಲ್ಲಿ ಎಲ್ಲಿ ಇಡಬೇಕೆಂದೂ ಇದೇ ಇಮೇಲ್‌ನಲ್ಲಿ ಕೇಳಿಬಿಡಿ. ಕೆಲವು ಕಂಪನಿಗಳು ಅದನ್ನು ಅಲ್ಲಿನ ಕಚೇರಿಯಲ್ಲೇ ಬೀಗ ಹಾಕಿ ಇಡಲು ಹೇಳುತ್ತವೆ, ಹಾಗೆ ಹೇಳಿದರೆ ಕೊನೆಯ ದಿನದ ಯೋಜನೆಯೇ ಬದಲಾಗುತ್ತದೆ.

## ಹಂತ 2: ವೀಸಾದಲ್ಲಿ ಸ್ವಂತ ದಿನಗಳನ್ನೂ ಸೇರಿಸುವುದು

ಯೋಜನೆಗಳು ಅತಿ ಹೆಚ್ಚು ಮುರಿದುಬೀಳುವ ಹಂತವಿದು, ಆದ್ದರಿಂದ ಊರಿಗೊಂದರಂತೆ ನೋಡೋಣ.

ಜಪಾನ್. ಭಾರತೀಯರಿಗೆ 2024ರ ಏಪ್ರಿಲ್‌ನಿಂದ ಇ-ವೀಸಾ ಸಿಗುತ್ತಿದೆ, ಆದರೆ ಅದು ಪ್ರವಾಸಕ್ಕೆ ಮಾತ್ರ. ಕೆಲಸವೂ ಇರುವವರು ಅದು ಸುಲಭವೆಂದು ಅದನ್ನೇ ತೆಗೆದುಕೊಂಡು, ವಲಸೆ ಅಧಿಕಾರಿಯ ಮುಂದೆ "ಆಫೀಸಿನ ಮೀಟಿಂಗ್" ಎಂದು ಹೇಳುವುದು ಸರಿಯಲ್ಲ. ಸುಳ್ಳು ಹೇಳುವುದಂತೂ ಇನ್ನೂ ಕೆಟ್ಟದ್ದು. ವ್ಯವಹಾರದ ಭೇಟಿಗೆ ಕೊಡುವ ಅಲ್ಪಾವಧಿ ವೀಸಾಕ್ಕೆ ಅರ್ಜಿ ಹಾಕಿ. ಈ ವೀಸಾದ ಮೇಲೆ ಸಭೆಗಳಿಗೂ ಹೋಗಬಹುದು, ಊರೂ ನೋಡಬಹುದು, ಆದರೆ ಅಲ್ಲಿ ಸಂಬಳ ಪಡೆಯುವ ಕೆಲಸ ಮಾಡುವಂತಿಲ್ಲ. ಅರ್ಜಿಯ ಜೊತೆ ಪ್ರತಿದಿನದ ವೇಳಾಪಟ್ಟಿಯನ್ನು ಕೊಡಬೇಕಾಗುತ್ತದೆ. ನಮ್ಮವರು ಎಡವುವುದು ಇಲ್ಲಿಯೇ. ಆಹ್ವಾನಿಸಿದ ಕಂಪನಿಯವರು ಐದು ದಿನದ ಪಟ್ಟಿ ಮಾಡಿ ಕಳಿಸುತ್ತಾರೆ, ನೀವು ಎಂಟು ದಿನದ ಟಿಕೆಟ್ ಇಟ್ಟುಕೊಂಡಿರುತ್ತೀರಿ. ಪಟ್ಟಿ ಮಾಡುವ ಮೊದಲೇ ಅವರಿಗೆ ನಿಮ್ಮ ಸ್ವಂತ ದಿನಗಳನ್ನು ತಿಳಿಸಿ, ಆ ದಿನಗಳ ಎದುರು ಪ್ರವಾಸವೆಂದೂ, ಉಳಿಯುವ ಹೋಟೆಲಿನ ಹೆಸರನ್ನೂ ಬರೆಸಿ.

ದಕ್ಷಿಣ ಕೊರಿಯಾ. ಅಲ್ಪಾವಧಿ ವ್ಯವಹಾರ ವೀಸಾ ಸಿ-3-4, ಸಾಮಾನ್ಯ ಪ್ರವಾಸಿ ವೀಸಾ ಸಿ-3-9. ಆಹ್ವಾನ ಪತ್ರ ಇರುವವರು ಮೊದಲನೆಯದಕ್ಕೇ ಹಾಕಬೇಕು. ಎಷ್ಟು ದಿನ ಇರಬಹುದೆಂದು ವೀಸಾದಲ್ಲೇ ನಮೂದಾಗಿರುತ್ತದೆ. ಅದನ್ನು ಓದಿದ ಮೇಲಷ್ಟೇ ವಾಪಸಾತಿಯ ಟಿಕೆಟ್ ಕಟ್ಟಿ.

ಹಾಂಗ್‌ಕಾಂಗ್. ಎಲ್ಲಕ್ಕಿಂತ ಸುಲಭವಾದದ್ದು ಇದೇ. 2017ರಿಂದ ಭಾರತೀಯರು ಆಗಮನಕ್ಕೆ ಮುಂಚೆ ಆನ್‌ಲೈನ್‌ನಲ್ಲಿ ಉಚಿತವಾಗಿ ನೋಂದಣಿ ಮಾಡಿಕೊಂಡರೆ ಸಾಕು. ನೋಂದಣಿ 6 ತಿಂಗಳು ಚಾಲ್ತಿಯಲ್ಲಿರುತ್ತದೆ, ಪ್ರತಿ ಭೇಟಿಗೆ 14 ದಿನಗಳವರೆಗೆ ಇರಬಹುದು, ಸಂದರ್ಶಕರಾಗಿಯೇ ಒಪ್ಪಂದಗಳಿಗೆ ಸಹಿ ಹಾಕುವುದು, ವಸ್ತುಪ್ರದರ್ಶನಗಳಿಗೆ ಹೋಗುವುದು ಮುಂತಾದ ಸೀಮಿತ ವ್ಯವಹಾರವನ್ನೂ ಮಾಡಬಹುದು. ನೋಂದಣಿಯ ಚೀಟಿಯನ್ನು ಬಿಳಿಯ ಎ4 ಕಾಗದದಲ್ಲಿ ಮುದ್ರಿಸಿಕೊಂಡೇ ಹೋಗಬೇಕು. ಪಾಸ್‌ಪೋರ್ಟಿನಲ್ಲಿರುವ ಹೆಸರಿಗೂ ಚೀಟಿಯ ಹೆಸರಿಗೂ ಒಂದಕ್ಷರ ವ್ಯತ್ಯಾಸವಾದರೂ ವಿಮಾನ ಹತ್ತುವ ಮುನ್ನವೇ ತಡೆಯುತ್ತಾರೆ. ತಂದೆಯ ಹೆಸರು, ಊರಿನ ಹೆಸರು, ಒಂದೆರಡು ಇನಿಷಿಯಲ್ ಎಲ್ಲವನ್ನೂ ಹೊತ್ತ ನಮ್ಮ ಕಡೆಯ ಹೆಸರುಗಳಿಗೆ ಈ ತೊಂದರೆ ಸ್ವಲ್ಪ ಹೆಚ್ಚೇ.

ತೈವಾನ್. ಅಮೆರಿಕ, ಬ್ರಿಟನ್, ಕೆನಡಾ, ಜಪಾನ್, ಷೆಂಗೆನ್ ಮುಂತಾದ ಕಡೆಯ ವೀಸಾ ನಿಮ್ಮ ಬಳಿ ಇದ್ದರೆ, ಷರತ್ತುಗಳಿಗೆ ಒಳಪಟ್ಟು, ಆನ್‌ಲೈನ್‌ನಲ್ಲಿ ಪ್ರವಾಸ ಅನುಮತಿ ಪತ್ರ ಸಿಗುತ್ತದೆ. ಆ ಪತ್ರ ಪಡೆದವರು ಒಂದು ಭೇಟಿಗೆ 14 ದಿನ ಇರಬಹುದು. ಉಳಿದವರು ಸಾಮಾನ್ಯ ವೀಸಾಕ್ಕೆ ಅರ್ಜಿ ಹಾಕಬೇಕು.

ಈ ಹಂತದ ದೊಡ್ಡ ಬಲೆ ಎಂದರೆ ಒಂದೇ ಪ್ರವೇಶದ ವೀಸಾ. ಟೋಕಿಯೊದ ಕೆಲಸದ ನಡುವೆ ಬಂದ ವಾರಾಂತ್ಯದಲ್ಲಿ ಸಿಯೋಲ್ ನೋಡಿ ಬರೋಣವೆಂದು ಹೊರಟವರ ಜಪಾನ್ ವೀಸಾ ಒಂದೇ ಪ್ರವೇಶದ್ದಾಗಿದ್ದರೆ, ಸೋಮವಾರದ ಸಭೆಗೆ ಅವರು ಹಿಂದಿರುಗಲಾಗುವುದಿಲ್ಲ. ಎರಡು ದೇಶಗಳನ್ನು ಸೇರಿಸುವುದಾದರೆ ಕೆಲಸವನ್ನು ಪೂರ್ತಿ ಮುಗಿಸಿ, ಎರಡನೆಯ ದೇಶದಿಂದಲೇ ನೇರವಾಗಿ ಭಾರತಕ್ಕೆ ಮರಳುವಂತೆ ಟಿಕೆಟ್ ಮಾಡಿಸಿ.

ಗಂಡನೋ ಹೆಂಡತಿಯೋ ಜೊತೆಗೆ ಬರುವುದಾದರೆ ಅವರ ವೀಸಾ ಬೇರೆಯದು, ಪ್ರವಾಸಿ ವೀಸಾ. ಇನ್ನೊಂದು ಮಾತು: ಜಪಾನಿನ ಹೋಟೆಲುಗಳಲ್ಲಿ ಬಾಡಿಗೆಯನ್ನು ಕೋಣೆಗಿಂತ ತಲೆಯ ಲೆಕ್ಕದಲ್ಲಿ ಹೇಳುವುದು ಸಾಮಾನ್ಯ. ಒಬ್ಬರ ಹೆಸರಿನ ಕೋಣೆಗೆ ಇಬ್ಬರು ಹೋದರೆ ಮುಜುಗರವಾಗುತ್ತದೆ.

## ಹಂತ 3: ಹೆಚ್ಚುವರಿ ದಿನಗಳು ಕೆಲಸಕ್ಕೆ ಮೊದಲೋ, ನಂತರವೋ

ನನ್ನ ಖಚಿತ ಅಭಿಪ್ರಾಯ: ನಂತರ. ಕೆಲಸಕ್ಕೆ ಮೊದಲು ಎರಡು ದಿನ ತಿರುಗಿದವರಿಗೆ ತಿರುಗುವಾಗಲೂ ಸೋಮವಾರದ ಪ್ರಸ್ತುತಿಯದೇ ಚಿಂತೆ, ವಿಮಾನ ತಡವಾದರೆ ಕೈತಪ್ಪುವುದೂ ಮೊದಲು ಆ ದಿನಗಳೇ. ಕೆಲಸ ಮುಗಿದ ಮೇಲೆ ಉಳಿಯುವವರಿಗೆ ಒಂದು ವಾರದಲ್ಲಿ ಮೆಟ್ರೊ, ಊಟ, ಬೀದಿ ಎಲ್ಲ ಪರಿಚಯವಾಗಿರುತ್ತವೆ, ಸ್ಥಳೀಯ ಸಹೋದ್ಯೋಗಿಗಳಿಂದ ಕೇಳಿದ ಒಳ್ಳೆಯ ಸಲಹೆಗಳೂ ಇರುತ್ತವೆ. ಆದರೂ ಮೊದಲ ಸಭೆಗೆ ಒಂದು ಪೂರ್ತಿ ದಿನ ಮುಂಚೆ ತಲುಪಿ. ಆ ದಿನ ನಿದ್ರೆಗೆ.

ದಿನಾಂಕ ಗೊತ್ತುಮಾಡುವಾಗ ರಜಾದಿನಗಳ ಪಟ್ಟಿ ಎದುರಿಗಿರಲಿ. ಜಪಾನಿನಲ್ಲಿ ಏಪ್ರಿಲ್ 29ರಿಂದ ಮೇ 5ರವರೆಗಿನ ಗೋಲ್ಡನ್ ವೀಕ್, ಆಗಸ್ಟ್ ಮಧ್ಯದಲ್ಲಿ ಪೂರ್ವಜರನ್ನು ನೆನೆಯುವ ಓಬೊನ್ ಹಬ್ಬ ಮತ್ತು ಹೊಸ ವರ್ಷದ ವಾರದಲ್ಲಿ ರೈಲು, ಹೋಟೆಲು ಎರಡೂ ಕಿಕ್ಕಿರಿದಿರುತ್ತವೆ. ಕೊರಿಯಾದಲ್ಲಿ ಚಾಂದ್ರಮಾನ ಹೊಸ ವರ್ಷ ಮತ್ತು ಚುಸೊಕ್ ಹಬ್ಬಗಳಿಗೆ ಜನ ಊರಿಗೆ ಹೊರಡುತ್ತಾರೆ, ನಮ್ಮ ದೀಪಾವಳಿಯ ಹಿಂದಿನ ದಿನ ಮೆಜೆಸ್ಟಿಕ್ ಇದ್ದಂತೆ ಸಿಯೋಲ್‌ನ ರೈಲು ನಿಲ್ದಾಣಗಳು ಇರುತ್ತವೆ. ಅಕ್ಟೋಬರ್ ಮೊದಲ ವಾರದಲ್ಲಿ ಚೀನಾದ ರಾಷ್ಟ್ರೀಯ ರಜೆಯ ಕಾರಣ ಹಾಂಗ್‌ಕಾಂಗ್ ತುಂಬಿ ತುಳುಕುತ್ತದೆ. ಸುಮಾರು ಜೂನ್‌ನಿಂದ ಅಕ್ಟೋಬರ್‌ವರೆಗೆ ಚಂಡಮಾರುತಗಳ ಕಾಲ. ಹಾಂಗ್‌ಕಾಂಗ್‌ನಲ್ಲಿ 8ನೇ ಸಂಖ್ಯೆಯ ಸಂಕೇತ ಏರಿಸಿದರೆ ಕಚೇರಿಗಳು ಮುಚ್ಚುತ್ತವೆ, ದೋಣಿ ಮತ್ತು ಬಸ್ಸುಗಳು ಒಂದೊಂದಾಗಿ ನಿಲ್ಲುತ್ತವೆ. ಆ ದಿನ ಕೋಣೆಯಲ್ಲೇ ಇರಿ, ವಿಮಾನಯಾನ ಸಂಸ್ಥೆಯ ಸಂದೇಶಗಳನ್ನು ನೋಡುತ್ತಿರಿ.

ವಾರದ ಮುಚ್ಚುವ ದಿನ ಇನ್ನೂ ಮುಖ್ಯ. ಸಿಯೋಲ್‌ನ ಗ್ಯೊಂಗ್‌ಬೊಕ್‌ಗುಂಗ್ ಅರಮನೆಗೆ ಮಂಗಳವಾರ ರಜೆ, ಆದರೆ ಚಾಂಗ್‌ಡೊಕ್‌ಗುಂಗ್ ಮತ್ತು ಡೊಕ್ಸುಗುಂಗ್ ಅರಮನೆಗಳಿಗೆ ಸೋಮವಾರ ರಜೆ. ಟೋಕಿಯೊದ ಹೆಚ್ಚಿನ ವಸ್ತುಸಂಗ್ರಹಾಲಯಗಳೂ, ತೈಪೆಯ ರಾಷ್ಟ್ರೀಯ ಅರಮನೆ ಸಂಗ್ರಹಾಲಯವೂ ಸೋಮವಾರ ಮುಚ್ಚಿರುತ್ತವೆ. ಸೋಮವಾರ ಸಾರ್ವಜನಿಕ ರಜೆ ಬಂದರೆ ಟೋಕಿಯೊದಲ್ಲಿ ಅಂದು ತೆರೆದು ಮಂಗಳವಾರ ಮುಚ್ಚುವುದು ರೂಢಿ. ಹಾಂಗ್‌ಕಾಂಗ್‌ನಲ್ಲಿ ಎಂ ಪ್ಲಸ್ ಸಂಗ್ರಹಾಲಯಕ್ಕೆ ಸೋಮವಾರ, ಇತಿಹಾಸ ಸಂಗ್ರಹಾಲಯಕ್ಕೆ ಮಂಗಳವಾರ, ಕಲಾ ಸಂಗ್ರಹಾಲಯಕ್ಕೆ ಗುರುವಾರ ರಜೆ. ಸಿಯೋಲ್‌ಗೆ ಮೊದಲ ಸಲ ಹೋದಾಗ ಮಂಗಳವಾರ ಅರ್ಧ ದಿನ ಬಿಡುವು ಸಿಕ್ಕಿತೆಂದು ಓಡಿ, ಗ್ಯೊಂಗ್‌ಬೊಕ್‌ಗುಂಗ್‌ನ ಮುಚ್ಚಿದ ಬಾಗಿಲಿನ ಮುಂದೆ ನಿಂತು ಬಂದವನು ನಾನು. ಆ ಮೇಲೆ ಊರಿನ ಪಟ್ಟಿ ಬರೆಯುವಾಗ ಸ್ಥಳದ ಹೆಸರಿನ ಪಕ್ಕ ಮೊದಲು ಬರೆಯುವುದೇ ಅದರ ವಾರದ ರಜೆಯ ದಿನ.

## ಹಂತ 4: ಗಡಿಯಾರದ ಲೆಕ್ಕ

ಟೋಕಿಯೊ ಮತ್ತು ಸಿಯೋಲ್ ನಮಗಿಂತ ಮೂರೂವರೆ ಗಂಟೆ ಮುಂದೆ. ತೈಪೆ ಮತ್ತು ಹಾಂಗ್‌ಕಾಂಗ್ ಎರಡೂವರೆ ಗಂಟೆ ಮುಂದೆ. ಈ ಅಂತರ ಚಿಕ್ಕದೆಂದು ಯಾರೂ ಅದಕ್ಕೆ ಗಮನ ಕೊಡುವುದಿಲ್ಲ. ಆದರೆ ಪ್ರವಾಸದ ಸಂಜೆಗಳನ್ನು ನುಂಗುವುದು ಇದೇ ಅಂತರ.

ಲೆಕ್ಕ ಹೀಗಿದೆ. ಬೆಂಗಳೂರಿನ ಕಚೇರಿ ಬೆಳಿಗ್ಗೆ 10ರಿಂದ ಸಂಜೆ 7ರವರೆಗೆ ನಡೆಯುತ್ತದೆ ಎಂದುಕೊಳ್ಳಿ. ಟೋಕಿಯೊದಲ್ಲಿ ಅದು ಮಧ್ಯಾಹ್ನ 1:30ರಿಂದ ರಾತ್ರಿ 10:30. ಅಂದರೆ ನೀವು ಅಲ್ಲಿ ಆರಕ್ಕೆ ಕೆಲಸ ಮುಗಿಸಿ ಹೊರಬಿದ್ದಾಗ ಊರಿನ ತಂಡಕ್ಕೆ ಇನ್ನೂ ಮಧ್ಯಾಹ್ನ ಎರಡೂವರೆ, ಅವರ ಕರೆಗಳು ಬರುತ್ತಲೇ ಇರುತ್ತವೆ. "ಐದು ಗಂಟೆಗೆ ಹದಿನೈದು ನಿಮಿಷದ ಕಾಲ್" ಎಂದು ಅವರು ಇಡುವುದು ನಿಮಗೆ ರಾತ್ರಿ ಎಂಟೂವರೆ. ಶಿಂಜುಕುವಿನ ಬೆಳಕಿನ ನಡುವೆ ನಿಂತು ಕಿವಿಗೆ ಫೋನ್ ಹಿಡಿದುಕೊಂಡವರಲ್ಲಿ ನಮ್ಮವರು ಸಾಕಷ್ಟು ಮಂದಿ.

ಇದಕ್ಕೆ ಪರಿಹಾರ ಹೊರಡುವ ಮೊದಲೇ ಆಗಬೇಕು. ಪ್ರವಾಸದ ವಾರಕ್ಕೆ ಬೆಂಗಳೂರಿನ ಎಲ್ಲ ಕರೆಗಳನ್ನೂ ಅಲ್ಲಿನ ಮಧ್ಯಾಹ್ನ 1:30ರಿಂದ 4ರೊಳಗೆ, ಅಂದರೆ ಭಾರತದ ಬೆಳಿಗ್ಗೆ 10ರಿಂದ 12:30ರೊಳಗೆ ಸೇರಿಸಲು ತಂಡವನ್ನು ಒಪ್ಪಿಸಿ, ಸಂಜೆ ಆರರ ನಂತರದ ಸಮಯವನ್ನು ಕ್ಯಾಲೆಂಡರಿನಲ್ಲಿ ಮುಚ್ಚಿಬಿಡಿ. ವಾರದಲ್ಲಿ ಒಂದು ಸಂಜೆಯನ್ನು ಕರೆಗಳಿಗೆಂದೇ ಬಿಟ್ಟುಕೊಟ್ಟರೆ ಉಳಿದ ಸಂಜೆಗಳ ಬಗ್ಗೆ ಯಾರೂ ತಕರಾರು ಮಾಡುವುದಿಲ್ಲ.

ಇನ್ನೊಂದು ಲೆಕ್ಕ ದೇಹದ್ದು. ಟೋಕಿಯೊದ ಬೆಳಿಗ್ಗೆ 7 ನಿಮ್ಮ ದೇಹಕ್ಕೆ ಬೆಳಗಿನ ಜಾವ 3:30. ಅದೇ ರೀತಿ ಅಲ್ಲಿನ ನಡುರಾತ್ರಿ ನಿಮಗೆ ರಾತ್ರಿ 8:30. "ನಾಲ್ಕಕ್ಕೇ ಎದ್ದು ದೇವಸ್ಥಾನ ನೋಡಿ ಆಫೀಸಿಗೆ ಹೋಗಿ" ಎಂಬ ಸಲಹೆ ಅಮೆರಿಕದಿಂದ ಬರುವವರಿಗೆ ಸರಿ. ಭಾರತದಿಂದ ಪೂರ್ವಕ್ಕೆ ಹೋದವರಿಗೆ ಮೊದಲ ಮೂರು ದಿನ ಬೆಳಗು ನರಕ, ರಾತ್ರಿ ಸಲೀಸು. ಆದ್ದರಿಂದ ಮೊದಲ ದಿನಗಳಿಗೆ ಸಂಜೆಯ ಸ್ಥಳಗಳನ್ನೂ, ನಾಲ್ಕನೇ ದಿನದ ನಂತರಕ್ಕೆ ಬೆಳಗಿನ ಸ್ಥಳಗಳನ್ನೂ ಇಟ್ಟುಕೊಳ್ಳಿ. ಟೋಕಿಯೊದಲ್ಲಿ ಡಿಸೆಂಬರಿನ ಸೂರ್ಯ ಸಂಜೆ ನಾಲ್ಕೂವರೆಗೇ ಮುಳುಗುತ್ತಾನೆ ಎಂಬುದೂ ನೆನಪಿರಲಿ. ಚಳಿಗಾಲದಲ್ಲಿ ಕಚೇರಿ ಮುಗಿಸಿ ಹೊರಟವರಿಗೆ ತೋಟ, ಗುಡ್ಡ, ಹಳೆಯ ಬೀದಿಗಳಲ್ಲಿ ಕತ್ತಲಷ್ಟೇ ಕಾಣುತ್ತದೆ.

## ಹಂತ 5: ಹೋಟೆಲು ಎಲ್ಲಿರಬೇಕು

ಕೆಲಸದ ದಿನಗಳಲ್ಲಿ ಕಚೇರಿಗೆ ರೈಲು ಬದಲಿಸದೆ ಹೋಗುವಂಥ ಕಡೆ ಹೋಟೆಲಿರಲಿ. ಟೋಕಿಯೊದಲ್ಲಿ ಬೆಳಗಿನ ರೈಲಿನ ನೂಕುನುಗ್ಗಲಿನಲ್ಲಿ ಎರಡು ಸಲ ಇಳಿದು ಹತ್ತಿದರೆ ದಿನದ ಅರ್ಧ ಶಕ್ತಿ ಅಲ್ಲೇ ಮುಗಿಯುತ್ತದೆ. ಸ್ವಂತ ದಿನಗಳಿಗೆ ಮಾತ್ರ ಹೋಟೆಲು ಬದಲಿಸಿ, ನೀವು ನೋಡಬೇಕೆಂದಿರುವ ಭಾಗಕ್ಕೆ, ಅಥವಾ ಕೊನೆಯ ದಿನ ವಿಮಾನ ನಿಲ್ದಾಣಕ್ಕೆ ನೇರ ರೈಲಿರುವ ನಿಲ್ದಾಣದ ಬಳಿಗೆ ಹೋಗಿ. ಟೋಕಿಯೊದಲ್ಲಿ ನರಿಟಾ ವಿಮಾನ ನಿಲ್ದಾಣದಿಂದ ಮರಳುವವರಿಗೆ ಉಯೆನೊ ಅನುಕೂಲ, ಹನೇಡಾದಿಂದ ಮರಳುವವರಿಗೆ ಶಿನಗಾವಾ. ಹೋಟೆಲು ಬದಲಿಸಿದರೆ ಕಂಪನಿಯ ಬಿಲ್ಲು ಮತ್ತು ಸ್ವಂತ ಬಿಲ್ಲು ತಾನಾಗಿಯೇ ಬೇರೆಯಾಗುವ ಲಾಭವೂ ಉಂಟು.

## ಹಂತ 6: ಹೊರಡುವ ಮುನ್ನ ಸಿದ್ಧವಾಗಿರಬೇಕಾದ ಸಾಧನಗಳು

ನಕ್ಷೆ. ಟೋಕಿಯೊ, ತೈಪೆ, ಹಾಂಗ್‌ಕಾಂಗ್‌ಗಳಲ್ಲಿ ಗೂಗಲ್ ಮ್ಯಾಪ್ಸ್ ಸಾಕು. ಕೊರಿಯಾದಲ್ಲಿ ನಕ್ಷೆಯ ಮಾಹಿತಿಯನ್ನು ದೇಶದ ಹೊರಗೆ ಕೊಡುವುದಕ್ಕೆ ಇರುವ ನಿರ್ಬಂಧದಿಂದಾಗಿ ನಡಿಗೆಯ ದಾರಿಗೆ ಅದನ್ನು ನಂಬಿ ಹೊರಡಬೇಡಿ. ನೇವರ್ ಮ್ಯಾಪ್ ಅಥವಾ ಕಾಕಾವೊ ಮ್ಯಾಪನ್ನು ಬೆಂಗಳೂರಿನಲ್ಲೇ ಇಳಿಸಿಕೊಂಡು, ಹೋಟೆಲು ಮತ್ತು ಕಚೇರಿಯ ವಿಳಾಸಗಳನ್ನು ಉಳಿಸಿಕೊಳ್ಳಿ.

ಪ್ರಯಾಣದ ಕಾರ್ಡ್. ಟೋಕಿಯೊದಲ್ಲಿ ಸುಯಿಕಾ ಅಥವಾ ಪಾಸ್ಮೊ, ಸಿಯೋಲ್‌ನಲ್ಲಿ ಟಿ-ಮನಿ, ತೈಪೆಯಲ್ಲಿ ಈಸಿಕಾರ್ಡ್, ಹಾಂಗ್‌ಕಾಂಗ್‌ನಲ್ಲಿ ಆಕ್ಟೋಪಸ್. ವಿಮಾನ ನಿಲ್ದಾಣದಲ್ಲೇ ಕೊಂಡುಬಿಡಿ. ಟಿ-ಮನಿ ಕಾರ್ಡಿಗೆ ಹಣ ತುಂಬಲು ಸಾಮಾನ್ಯವಾಗಿ ನಗದೇ ಬೇಕಾಗುವುದರಿಂದ ಸ್ವಲ್ಪ ವಾನ್ ನೋಟುಗಳು ಕೈಯಲ್ಲಿರಲಿ. ಪ್ರವಾಸಿಗರ ವೆಲ್ಕಮ್ ಸುಯಿಕಾ 28 ದಿನ ಮಾತ್ರ ನಡೆಯುತ್ತದೆ, ಉಳಿದ ಹಣ ಮರಳುವುದಿಲ್ಲ; ಕೊನೆಯ ದಿನಗಳಲ್ಲಿ ಕಡಿಮೆ ತುಂಬಿ.

ಭಾರತದ ಸಿಮ್. ಡೇಟಾಕ್ಕೆ ಇ-ಸಿಮ್ ಹಾಕಿಸಿಕೊಂಡು ನಮ್ಮ ಸಿಮ್ಮನ್ನು ಪೂರ್ತಿ ಆರಿಸಿಬಿಡುವುದು ಸಾಮಾನ್ಯ ತಪ್ಪು. ಬ್ಯಾಂಕಿನ ಒಟಿಪಿ ಬರುವುದು ಆ ಸಂಖ್ಯೆಗೇ. ರೋಮಿಂಗ್‌ನಲ್ಲಿ ಎಸ್‌ಎಂಎಸ್ ಬರುವಷ್ಟಾದರೂ ಅದನ್ನು ಜೀವಂತ ಇಡಿ, ಎರಡು ಬೇರೆ ಬೇರೆ ಬ್ಯಾಂಕುಗಳ ಕಾರ್ಡುಗಳಲ್ಲಿ ವಿದೇಶ ವಹಿವಾಟನ್ನು ಹೊರಡುವ ಮೊದಲೇ ತೆರೆದಿಟ್ಟುಕೊಳ್ಳಿ.

ಔಷಧ. ಇದನ್ನು ಹಗುರವಾಗಿ ಪರಿಗಣಿಸಬೇಡಿ. ನಮ್ಮ ಔಷಧಿ ಅಂಗಡಿಗಳಲ್ಲಿ ಸಿಗುವ, ಸೂಡೊಎಫೆಡ್ರಿನ್ ಇರುವ ನೆಗಡಿ ಮಾತ್ರೆಗಳು ಮತ್ತು ಕೊಡೀನ್ ಇರುವ ಕೆಮ್ಮಿನ ಸಿರಪ್ಪುಗಳ ಮೇಲೆ ಜಪಾನಿನಲ್ಲಿ ಕಟ್ಟುನಿಟ್ಟಿನ ಮಿತಿಗಳಿವೆ. ಮಿತಿ ಮೀರಿದ್ದು ನಿಷಿದ್ಧ. ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ಒಂದು ತಿಂಗಳಿಗಿಂತ ಹೆಚ್ಚು ಒಯ್ಯುವುದಾದರೆ ಮುಂಚಿತವಾಗಿ ಅಲ್ಲಿನ ಆಮದು ದೃಢೀಕರಣ ಪಡೆಯಬೇಕು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯ ಜೊತೆಗೆ ಇಟ್ಟುಕೊಳ್ಳಿ.

ಪಾಸ್‌ಪೋರ್ಟ್. ಜಪಾನಿನಲ್ಲಿ ವಿದೇಶಿ ಸಂದರ್ಶಕರು ಪಾಸ್‌ಪೋರ್ಟನ್ನು ಸದಾ ಜೊತೆಗಿಟ್ಟುಕೊಳ್ಳಬೇಕೆಂಬುದು ಕಾನೂನು. ಹೋಟೆಲಿನ ತಿಜೋರಿಯಲ್ಲಿ ಬಿಟ್ಟು ಹೊರಡುವ ನಮ್ಮ ಅಭ್ಯಾಸ ಅಲ್ಲಿಗೆ ಹೊಂದುವುದಿಲ್ಲ.

## ಹಂತ 7: ಕೆಲಸದ ದಿನದ ಸಂಜೆಗೆ ಒಂದೇ ಸ್ಥಳ

ನಿಯಮ ಸರಳ: ಒಂದು ಸಂಜೆಗೆ ಒಂದು ಸ್ಥಳ, ಅದೂ ಕಚೇರಿಯಿಂದ ಹೋಟೆಲಿಗೆ ಹೋಗುವ ದಾರಿಯ ಆಚೀಚೆ. ಎರಡನೆಯದನ್ನು ಸೇರಿಸಿದ ಕೂಡಲೇ ಎರಡೂ ಕೆಡುತ್ತವೆ. ರಾತ್ರಿ ತೆರೆದಿರುವ ಸ್ಥಳಗಳನ್ನು ಮಾತ್ರ ಸಂಜೆಗೆ ಇಟ್ಟುಕೊಳ್ಳಬೇಕು.

ಟೋಕಿಯೊದಲ್ಲಿ ಶಿಂಜುಕುವಿನ ಮಹಾನಗರ ಸರ್ಕಾರದ ಕಟ್ಟಡದ 45ನೇ ಅಂತಸ್ತಿನ ವೀಕ್ಷಣಾಲಯ ಉಚಿತ, 202 ಮೀಟರ್ ಎತ್ತರದಿಂದ ಊರು ಕಾಣುತ್ತದೆ, ರಾತ್ರಿ ತಡವಾಗಿಯೂ ತೆರೆದಿರುತ್ತದೆ. ಹಣ ಕೊಟ್ಟು ಏರುವ ಗೋಪುರಗಳಿಗೆ ಸೂರ್ಯಾಸ್ತದ ಟಿಕೆಟ್ ಮುಂಚೆಯೇ ಮುಗಿದಿರುವುದರಿಂದ, ಸಭೆ ಯಾವಾಗ ಮುಗಿಯುತ್ತದೋ ತಿಳಿಯದವರಿಗೆ ಇದೇ ಉತ್ತಮ. ಅಸಾಕುಸಾದ ಸೆನ್ಸೊ-ಜಿ ದೇವಾಲಯದ ಮುಖ್ಯ ಮಂಟಪ ಸಂಜೆ 5ಕ್ಕೆ ಮುಚ್ಚಿದರೂ ಪ್ರಾಂಗಣ ತೆರೆದೇ ಇರುತ್ತದೆ. ರಾತ್ರಿ ದೀಪದಲ್ಲಿ, ಅಂಗಡಿಗಳೆಲ್ಲ ಮುಚ್ಚಿದ ಮೇಲೆ ಅದನ್ನು ನೋಡುವುದೇ ಚೆಂದ ಎಂಬುದು ನನ್ನ ಅನಿಸಿಕೆ. ರೊಪ್ಪೊಂಗಿಯ ಮೊರಿ ಕಲಾ ಸಂಗ್ರಹಾಲಯ ಮಂಗಳವಾರದ ಹೊರತು ರಾತ್ರಿ 10ರವರೆಗೆ ಇರುತ್ತದೆ. ಮೆಯ್ಜಿ ಜಿಂಗು ದೇಗುಲ ಮಾತ್ರ ಸೂರ್ಯೋದಯಕ್ಕೆ ತೆರೆದು ಸೂರ್ಯಾಸ್ತಕ್ಕೆ ಮುಚ್ಚುತ್ತದೆ, ಅದನ್ನು ಸಂಜೆಯ ಪಟ್ಟಿಯಿಂದ ತೆಗೆದುಹಾಕಿ.

ಸಿಯೋಲ್‌ನಲ್ಲಿ ಸಿಟಿ ಹಾಲ್ ಪಕ್ಕದ ಡೊಕ್ಸುಗುಂಗ್ ಅರಮನೆ ರಾತ್ರಿ 9ರವರೆಗೆ ತೆರೆದಿರುತ್ತದೆ, ಎಂಟರೊಳಗೆ ಒಳಗೆ ಹೋಗಬೇಕು. ಅಲ್ಲಿಂದ ಐದಾರು ನಿಮಿಷದ ನಡಿಗೆಯಲ್ಲಿ, ಮೇಲ್ಸೇತುವೆಯನ್ನು ಕೆಡವಿ 2005ರಲ್ಲಿ ಮತ್ತೆ ತೆರೆದ ಚೊಂಗ್ಯೆಚೊನ್ ತೊರೆಯ ದಂಡೆ ಸಿಗುತ್ತದೆ. ಕೊರಿಯಾದ ರಾಷ್ಟ್ರೀಯ ಸಂಗ್ರಹಾಲಯ ಬುಧವಾರ ಮತ್ತು ಶನಿವಾರ ರಾತ್ರಿ 9ರವರೆಗೆ ಇರುತ್ತದೆ, ಕಾಯಂ ಪ್ರದರ್ಶನಕ್ಕೆ ಟಿಕೆಟ್ ಇಲ್ಲ. ನಿಮ್ಮ ಬುಧವಾರದ ಸಂಜೆಯನ್ನು ಅದಕ್ಕೇ ಮೀಸಲಿಡಿ. ಬುಕ್ಚೊನ್‌ನ ಹಳೆಯ ಮನೆಗಳ ಬೀದಿಗೆ ಕತ್ತಲಾದ ಮೇಲೆ ಹೋಗಬೇಡಿ. ನಿವಾಸಿಗಳ ದೂರಿನ ಮೇಲೆ ಅಲ್ಲಿನ ಮುಖ್ಯ ಭಾಗದಲ್ಲಿ ಪ್ರವಾಸಿಗರಿಗೆ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಾತ್ರ ಅವಕಾಶವಿದೆ, ಮೀರಿದರೆ 1 ಲಕ್ಷ ವಾನ್ ದಂಡ.

ತೈಪೆಯ ಸಂಜೆಗಳು ರಾತ್ರಿ ಸಂತೆಗಳವು. ಶಿಲಿನ್ ದೊಡ್ಡದು, ಸೊಂಗ್‌ಶಾನ್ ನಿಲ್ದಾಣದ ಪಕ್ಕದ ರಾವೊಹೆ ಒಂದೇ ಉದ್ದನೆಯ ಬೀದಿಯಾದ್ದರಿಂದ ದಣಿದವರಿಗೆ ಅದೇ ಮೇಲು. ಶಿಯಾಂಗ್‌ಶಾನ್ ಮೆಟ್ರೊ ನಿಲ್ದಾಣದಿಂದ ಆನೆಗುಡ್ಡದ ಮೆಟ್ಟಿಲು ಹತ್ತಿದರೆ 508 ಮೀಟರಿನ ತೈಪೆ 101 ಗೋಪುರ ಎದುರಿಗೇ ಕಾಣುತ್ತದೆ, ಆದರೆ ಕಚೇರಿಯ ಷೂ ಹಾಕಿಕೊಂಡು ಹೋಗಬೇಡಿ. ಮೆಟ್ರೊದ ಟಿಕೆಟ್ ಗೇಟು ದಾಟಿದ ಮೇಲೆ ನೀರು ಕುಡಿದರೂ, ಚೂಯಿಂಗ್ ಗಮ್ ಅಗಿದರೂ ದಂಡವಿದೆ.

ಹಾಂಗ್‌ಕಾಂಗ್‌ನಲ್ಲಿ ಸಂಜೆಯ ಕೆಲಸ ಸುಲಭ. ಸೆಂಟ್ರಲ್‌ನಲ್ಲಿ ಕಚೇರಿ ಇದ್ದರೆ ಸ್ಟಾರ್ ಫೆರ್ರಿ ಹತ್ತಿ ಚಿಮ್‌ಶಾಚುಯಿಗೆ ದಾಟಿ, 8 ಗಂಟೆಯ ಬೆಳಕಿನ ಪ್ರದರ್ಶನ ನೋಡಿ ಮೆಟ್ರೊದಲ್ಲಿ ಮರಳಿದರೆ ಎರಡು ಗಂಟೆ. ಇನ್ನೊಂದು ಸಂಜೆ ಎರಡಂತಸ್ತಿನ ಟ್ರಾಮಿನ ಮೇಲಂತಸ್ತಿನಲ್ಲಿ ಮುಂದಿನ ಸೀಟು ಹಿಡಿದು ಕುಳಿತರೆ ಸಾಕು.

ಆತಿಥೇಯರ ಜೊತೆಗಿನ ರಾತ್ರಿ ಊಟವನ್ನು ಮರೆಯುವಂತಿಲ್ಲ. ಜಪಾನ್, ಕೊರಿಯಾಗಳಲ್ಲಿ ಒಂದು ಸಂಜೆಯಾದರೂ ತಂಡದ ಜೊತೆ ಕೂರುವುದು ಕೆಲಸದ ಭಾಗವೇ. ಅದು ಯಾವ ದಿನವೆಂದು ಮೊದಲೇ ಕೇಳಿ. ಕೊನೆಯ ಗಳಿಗೆಯಲ್ಲಿ "ನನಗೆ ಬೇರೆ ಟಿಕೆಟ್ ಇದೆ" ಎಂದು ಹೇಳುವ ಪರಿಸ್ಥಿತಿ ತಂದುಕೊಳ್ಳಬೇಡಿ. ಟೋಕಿಯೊದಲ್ಲಿ ಕೊನೆಯ ರೈಲುಗಳು ಹೆಚ್ಚುಕಡಿಮೆ ನಡುರಾತ್ರಿಗೆ ಹೊರಡುತ್ತವೆ, ರಾತ್ರಿ 10ರ ನಂತರ ಟ್ಯಾಕ್ಸಿಗೆ ಶೇ 20 ಹೆಚ್ಚು.

## ಹಂತ 8: ಸ್ವಂತ ದಿನಗಳನ್ನು ಹಂಚುವುದು

ಎರಡು ದಿನವಿದ್ದರೆ ಒಂದು ದಿನ ಊರೊಳಗೆ, ಒಂದು ದಿನ ಹೊರಗೆ. ಟೋಕಿಯೊದಿಂದ ಕಾಮಕುರಾಕ್ಕೆ ಯೊಕೊಸುಕಾ ಮಾರ್ಗದಲ್ಲಿ ಸುಮಾರು ಒಂದು ಗಂಟೆ; ಬಯಲಲ್ಲಿ ಕುಳಿತ ಕಂಚಿನ ಬುದ್ಧ, ಬಿದಿರಿನ ತೋಪು, ಸಮುದ್ರ, ಮೂರನ್ನೂ ಅವಸರವಿಲ್ಲದೆ ನೋಡಬಹುದು. ನಿಕ್ಕೊಗೆ ಅಸಾಕುಸಾದಿಂದ ಸುಮಾರು ಎರಡು ಗಂಟೆ, ಬೆಳಿಗ್ಗೆ ಬೇಗ ಹೊರಡಬೇಕು. ಸಿಯೋಲ್‌ನಿಂದ ಮೆಟ್ರೊದ 1ನೇ ಮಾರ್ಗದಲ್ಲಿ ಸುಮಾರು ಒಂದು ಗಂಟೆಯ ಸುವೊನ್‌ನಲ್ಲಿ 1794–96ರಲ್ಲಿ ಕಟ್ಟಿದ ಹ್ವಾಸೊಂಗ್ ಕೋಟೆಯ ಗೋಡೆಯ ಮೇಲೆ ನಡೆಯಬಹುದು. ತೈಪೆಯಲ್ಲಿ ಬೈಟೊ ಬಿಸಿನೀರಿನ ಬುಗ್ಗೆಗಳಿಗೆ ಮೆಟ್ರೊ ಸಾಕು.

ಕ್ಯೋಟೊ ಬೇಕೇ ಬೇಕೆನ್ನುವವರಿಗೆ ಒಂದು ಲೆಕ್ಕ. ಟೋಕಿಯೊದಿಂದ ನೊಜೊಮಿ ಬುಲೆಟ್ ರೈಲಿನಲ್ಲಿ ಎರಡೂಕಾಲು ಗಂಟೆ, ಹೋಗಿಬರಲು ಸುಮಾರು 28,000 ಯೆನ್. ಪ್ರವಾಸಿಗರಿಗಾಗಿ ಇರುವ ಏಳು ದಿನದ ಜೆಆರ್ ರೈಲು ಪಾಸ್‌ನ ಬೆಲೆ 2023ರ ಅಕ್ಟೋಬರ್‌ನಲ್ಲಿ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಹಳೆಯ ಸಲಹೆಗಳನ್ನು ಓದಿ ಈಗಲೂ ಪಾಸ್ ಕೊಳ್ಳುವವರು ಕಳೆದುಕೊಳ್ಳುವುದೇ ಹೆಚ್ಚು. ಎರಡು ರಾತ್ರಿ ಕ್ಯೋಟೊದಲ್ಲಿ ಉಳಿಯುವಂತಿದ್ದರೆ ಮಾತ್ರ ಹೊರಡಿ. ಒಂದೇ ದಿನದಲ್ಲಿ ಹೋಗಿ ಬಂದವರಿಗೆ ನೆನಪಾಗಿ ಉಳಿಯುವುದು ರೈಲೇ. ಉದ್ದ, ಅಗಲ, ಎತ್ತರ ಸೇರಿ 160 ಸೆಂಟಿಮೀಟರ್ ದಾಟುವ ಪೆಟ್ಟಿಗೆಗೆ ಈ ಮಾರ್ಗದಲ್ಲಿ ಸೀಟಿನ ಜೊತೆಗೇ ಜಾಗ ಕಾದಿರಿಸಬೇಕು.

## ಹಂತ 9: ಸಸ್ಯಾಹಾರಿಗಳ ಊಟ

ಜಪಾನಿನಲ್ಲಿ ತೊಂದರೆ ಮಾಂಸದ್ದಲ್ಲ, ಸಾರಿನದು. ತರಕಾರಿಯಷ್ಟೇ ಕಾಣುವ ಉಡೋನ್, ಮಿಸೊ ಸಾರುಗಳ ತಳದಲ್ಲಿ ಒಣ ಮೀನಿನಿಂದ ತೆಗೆದ ದಾಶಿ ಇರುತ್ತದೆ, ಮಾಂಸ ಬೇಡ ಎಂದಷ್ಟೇ ಹೇಳಿದರೆ ಅದು ಬಂದೇ ಬರುತ್ತದೆ. ಕೊರಿಯಾದ ಕಿಮ್ಚಿಯಲ್ಲೂ ಮೀನಿನ ಅಥವಾ ಸೀಗಡಿಯ ಉಪ್ಪುರಸ ಸಾಮಾನ್ಯ. ಮಾಂಸ, ಮೀನು, ಮೀನಿನ ಸಾರು ಮೂರನ್ನೂ ಬೇಡವೆನ್ನುವ ವಾಕ್ಯವನ್ನು ಸ್ಥಳೀಯ ಸಹೋದ್ಯೋಗಿಯಿಂದ ಬರೆಸಿಕೊಂಡು ಫೋನಿನಲ್ಲಿ ಇಟ್ಟುಕೊಳ್ಳಿ. ಬೌದ್ಧ ಸನ್ಯಾಸಿಗಳ ಊಟವಾದ ಶೋಜಿನ್ ರ್ಯೋರಿ ಸಿಗುವ ಕಡೆ ನಿಶ್ಚಿಂತೆಯಿಂದ ತಿನ್ನಬಹುದು, ಆದರೆ ಮುಂಗಡ ಹೇಳಬೇಕಾಗುತ್ತದೆ.

ತೈಪೆ ಸಸ್ಯಾಹಾರಿಗಳ ಸ್ವರ್ಗ. ಬೌದ್ಧರ ಸಸ್ಯಾಹಾರಿ ಹೋಟೆಲುಗಳ ಫಲಕದ ಮೇಲೆ ಎಷ್ಟೋ ಕಡೆ ಸ್ವಸ್ತಿಕದ ಗುರುತು ಇರುತ್ತದೆ, ಹಲವೆಡೆ ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಮಡಿಯ ಅಜ್ಜಿಯನ್ನೂ ಧೈರ್ಯವಾಗಿ ಕರೆದೊಯ್ಯಬಹುದು. ಹಾಂಗ್‌ಕಾಂಗ್‌ನಲ್ಲಿ ನಾನ್ ಲಿಯಾನ್ ಉದ್ಯಾನದೊಳಗಿನ ಸಸ್ಯಾಹಾರಿ ಊಟದ ಮನೆ ಒಳ್ಳೆಯದು, ಭಾರತೀಯ ಊಟಕ್ಕೆ ಚುಂಗ್‌ಕಿಂಗ್ ಮ್ಯಾನ್ಷನ್ಸ್ ಕಟ್ಟಡ ಇದ್ದೇ ಇದೆ. ಟೋಕಿಯೊದಲ್ಲಿ ಭಾರತೀಯರು ಹೆಚ್ಚಾಗಿ ನೆಲೆಸಿರುವ ನಿಶಿ-ಕಸಾಯ್, ಸಿಯೋಲ್‌ನಲ್ಲಿ ಇಟೆವೊನ್ ಬಡಾವಣೆಗಳು ನೆನಪಿರಲಿ. ಗೊಜ್ಜವಲಕ್ಕಿ, ಉಪ್ಪಿಟ್ಟಿನ ಪೊಟ್ಟಣಗಳಿದ್ದರೆ ಕೋಣೆಯ ಕೆಟಲ್‌ನಲ್ಲೇ ಬೆಳಗಿನ ತಿಂಡಿ ಮುಗಿಯುತ್ತದೆ. ಆದರೆ ತಾಜಾ ಹಣ್ಣು, ಕರಿಬೇವು ಒಯ್ಯಬೇಡಿ. ಪ್ರಮಾಣಪತ್ರವಿಲ್ಲದೆ ಜಪಾನಿನೊಳಗೆ ಬಿಡುವುದಿಲ್ಲ.

## ಹಂತ 10: ಕೊನೆಯ ದಿನ ಮತ್ತು ಹಿಂದೆ ಸರಿಯಬೇಕಾದ ಸೂಚನೆಗಳು

ಕೊನೆಯ ದಿನವನ್ನು ಕೆಡಿಸುವುದು ಪೆಟ್ಟಿಗೆ. ಜಪಾನಿನಲ್ಲಿ ಹೋಟೆಲಿನಿಂದ ವಿಮಾನ ನಿಲ್ದಾಣಕ್ಕೆ ಪೆಟ್ಟಿಗೆ ಕಳಿಸುವ ತಕ್ಕ್ಯುಬಿನ್ ಸೇವೆ ಇದೆ, ಆದರೆ ಕನಿಷ್ಠ ಹಿಂದಿನ ದಿನವೇ ಕೊಡಬೇಕು. ಹಾಂಗ್‌ಕಾಂಗ್‌ನಲ್ಲಿ ವಿಮಾನ ರಾತ್ರಿಯಿದ್ದರೆ, ಪೆಟ್ಟಿಗೆಯನ್ನು ವಿಮಾನ ನಿಲ್ದಾಣದಲ್ಲೇ ಒಪ್ಪಿಸಿ ಪಕ್ಕದ ತುಂಗ್ ಚುಂಗ್‌ನಿಂದ 25 ನಿಮಿಷದ ರೋಪ್‌ವೇಯಲ್ಲಿ 34 ಮೀಟರ್ ಎತ್ತರದ ಬುದ್ಧನನ್ನು ನೋಡಿ ಬರಬಹುದು. ರೋಪ್‌ವೇ ದುರಸ್ತಿಗೆ ನಿಲ್ಲುವ ದಿನಗಳನ್ನು ಮಾತ್ರ ಮೊದಲು ನೋಡಿಕೊಳ್ಳಿ. ನರಿಟಾದಿಂದ ಹೊರಡುವವರು ಉಯೆನೊದಿಂದ ನೇರ ರೈಲು ಹಿಡಿದರೂ, ಹೋಟೆಲಿನ ಬಾಗಿಲಿನಿಂದ ಎರಡು ಗಂಟೆಯ ಲೆಕ್ಕ ಹಾಕಬೇಕು. ಸಿಯೋಲ್ ನಿಲ್ದಾಣದಿಂದ ಇಂಚಿಯಾನ್ ವಿಮಾನ ನಿಲ್ದಾಣಕ್ಕೆ ಸಾಮಾನ್ಯ ರೈಲಿನಲ್ಲಿ ಸುಮಾರು ಒಂದು ಗಂಟೆ.

ಎರಡನೇ ದಿನದ ಮಧ್ಯಾಹ್ನದ ಸಭೆಯಲ್ಲೇ ನಿದ್ದೆ ಎಳೆಯುತ್ತಿದ್ದರೆ ಆ ಸಂಜೆ ಎಲ್ಲಿಗೂ ಹೋಗಬೇಡಿ. ಗ್ರಾಹಕರ ಕೆಲಸ ಶುಕ್ರವಾರಕ್ಕೆ ಮುಗಿಯುವುದಿಲ್ಲವೆಂಬ ಸುಳಿವು ಬುಧವಾರವೇ ಸಿಕ್ಕರೆ, ಮರುಪಾವತಿಯಾಗುವ ಕಾಯ್ದಿರಿಸುವಿಕೆಗಳನ್ನು ಅಂದೇ ರದ್ದು ಮಾಡಿ ಮತ್ತು ಸ್ವಂತ ದಿನಗಳು ಕೆಲಸದ ದಿನಗಳಾದವೆಂದು ಕಚೇರಿಗೆ ಇಮೇಲ್ ಬರೆಯಿರಿ, ಇಲ್ಲದಿದ್ದರೆ ನಿಮ್ಮ ಖರ್ಚಿನಲ್ಲಿ ಅವರ ಕೆಲಸ ಮಾಡಿದಂತಾಗುತ್ತದೆ. ವೀಸಾದ ಕೊನೆಯ ದಿನ ಮತ್ತು ವಾಪಸಾತಿಯ ನಡುವೆ ಎರಡು ದಿನವಾದರೂ ಅಂತರವಿಲ್ಲದಿದ್ದರೆ ಚಂಡಮಾರುತದ ತಿಂಗಳುಗಳಲ್ಲಿ ಉಳಿಯುವ ಯೋಜನೆಯನ್ನೇ ಬಿಟ್ಟುಬಿಡಿ.

ರಸೀದಿಗಳಿಗೆ ಎರಡು ಲಕೋಟೆ ಇಡಿ, ಒಂದು ಕಂಪನಿಯದು, ಒಂದು ನಿಮ್ಮದು. ಸುಯಿಕಾ, ಟಿ-ಮನಿಗಳಲ್ಲಿ ಕಚೇರಿ ಮತ್ತು ಸ್ವಂತ ಪ್ರಯಾಣ ಬೆರೆತುಹೋಗುತ್ತವೆ. ಆದ್ದರಿಂದ ಕೆಲಸದ ಕೊನೆಯ ಸಂಜೆಯೇ ಕಾರ್ಡಿನ ಬಾಕಿಯನ್ನು ಬರೆದಿಟ್ಟುಕೊಂಡು, ನಿಲ್ದಾಣದ ಯಂತ್ರದಲ್ಲಿ ಪ್ರಯಾಣದ ವಿವರ ಮುದ್ರಿಸಿಕೊಳ್ಳುವ ಅನುಕೂಲವಿರುವಲ್ಲಿ ಅದನ್ನೂ ಮಾಡಿಕೊಳ್ಳಿ. ಈ ಊರುಗಳಲ್ಲಿ ಕೊಡುವ ತೆಳುಕಾಗದದ ರಸೀದಿಗಳ ಅಕ್ಷರ ಬೆಂಗಳೂರಿನ ಬೇಸಿಗೆಯಲ್ಲಿ ಕೆಲವೇ ವಾರಗಳಲ್ಲಿ ಮಾಸಿಹೋಗಬಹುದು, ಅದಕ್ಕೆ ಪ್ರತಿ ರಾತ್ರಿ ಮಲಗುವ ಮುನ್ನ ಅವುಗಳ ಫೋಟೊ ತೆಗೆದು, ಯಾವ ಖರ್ಚೆಂದು ಒಂದು ಸಾಲು ಬರೆದಿಡಿ.